ಬೆಳ್ಳಿ ಕ್ಲೇ ಓಲೆಗೆ ಕಡ್ಡಿ ಬೆಸೆದ ಬಗೆ

ಬೆಳ್ಳಿ ಕ್ಲೇಯಿಂದ ಮಾಡಿದ ನನ್ನ ಮೊದಲ ಜೊತೆ ಓಲೆಗಳಿಗೆ ಕಿವಿಗೆ ತೂರಿಸುವ ಕಡ್ಡಿ ಬೆಸೆಯಲು ಕುಳಿತಾಗ, ಬೆಳ್ಳಿ ತಗಡಿನ ಮೇಲೆ ರೂಢಿಯಾಗಿದ್ದ ಕ್ರಮವನ್ನೇ ಅನುಸರಿಸಿದೆ. ಬೆಸುಗೆ ಸರಾಗವಾಗಿ ಹರಿಯಲು ನೆರವಾಗುವ ಬಿಳಿಗಾರ ಹಚ್ಚಿ, ಬೆಸುಗೆಯ ಚೂರನ್ನಿಟ್ಟು ಟಾರ್ಚ್ ಹಿಡಿದಾಗ ಬೆಸುಗೆ ಕರಗಿದ್ದನ್ನು ಕಣ್ಣಾರೆ ಕಂಡೆ. ಆದರೆ ಮರುಕ್ಷಣವೇ ಅದು ಒಣನೆಲಕ್ಕೆ ಬಿದ್ದ ನೀರಿನಂತೆ ಇಂಗಿಹೋಯಿತು, ಕಡ್ಡಿ ಮುಟ್ಟಿದೊಡನೆ ಕಳಚಿ ಬಂತು.

ಕ್ಲೇ ಎಂದರೆ ಬೆಳ್ಳಿಯ ನುಣ್ಣನೆಯ ಪುಡಿಯನ್ನು ಅಂಟು ಮತ್ತು ನೀರಿನೊಂದಿಗೆ ನಾದಿದ ಮುದ್ದೆ. ಕುಲುಮೆಯಲ್ಲಿ ಅಂಟು ಸುಟ್ಟುಹೋಗಿ ಕಣಗಳು ಪೂರ್ತಿ ಕರಗದೆಯೇ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ನಡುವೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನನ್ನ ಬೆಸುಗೆಯನ್ನು ಕುಡಿದದ್ದು ಅವೇ.

ಕಡ್ಡಿಯನ್ನು ಹಸಿ ಕ್ಲೇಯಲ್ಲೇ ನೆಟ್ಟು ಸುಡುವ ದಾರಿಯನ್ನೂ ಪರೀಕ್ಷಿಸಿದೆ. ಅದಕ್ಕೆ ಬಳಸಿದ ಶುದ್ಧ ಬೆಳ್ಳಿಯ ತಂತಿ ಕುಲುಮೆಯ ಶಾಖಕ್ಕೆ ಎಷ್ಟು ಮೆದುವಾಯಿತೆಂದರೆ, ಕಿವಿಗೆ ತೂರಿಸುವಾಗಲೇ ಬಾಗಿತು. ಹೀಗಾಗಿ 0.8 ಮಿಲಿಮೀಟರ್ ದಪ್ಪದ 925 ಬೆಳ್ಳಿಯ (ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) ಕಡ್ಡಿಗೂ ಬೆಸುಗೆಗೂ ಮರಳಿದೆ.

ಈ ಸಲ ಮೊದಲು ಓಲೆಯ ಹಿಂಬದಿಯಲ್ಲಿ, ತೊಟ್ಟಾಗ ಮುಂದಕ್ಕೆ ಜೋಲದಂತೆ ನಡುವಿಗಿಂತ ತುಸು ಮೇಲೆ, ಚಿಕ್ಕ ಕುಳಿ ಕೊರೆದೆ. ಉಕ್ಕಿನ ಒಪ್ಪಗೋಲಿನಿಂದ ಆ ಕುಳಿಯನ್ನೂ ಅದರ ಸುತ್ತಲನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಒತ್ತಿ ಉಜ್ಜಿದೆ. ಬೇಸರ ತರಿಸುವ ಕೆಲಸವಿದು, ಆದರೆ ರಂಧ್ರಗಳ ಬಾಯಿ ಮುಚ್ಚುವುದು ಇದರಿಂದಲೇ. ಕಡ್ಡಿಯ ತುದಿಯನ್ನು ಅರದಿಂದ ಸಮತಟ್ಟು ಮಾಡಿ, ಬಿಳಿಗಾರ ಹಚ್ಚಿ, ಚಿಮಟದಲ್ಲಿ ಹಿಡಿದು ಪಕ್ಕಕ್ಕಿಟ್ಟುಕೊಂಡೆ. ಜ್ವಾಲೆಯನ್ನು ಓಲೆಗೆ ಮಾತ್ರ ಸುತ್ತಾಡಿಸಬೇಕು; ತೆಳು ಕಡ್ಡಿ ಬೇಗ ಕಾದರೆ, ಬಿಸಿಯಿದ್ದತ್ತ ಹರಿಯುವ ಬೆಸುಗೆ ಅದರ ಮೇಲೇರಿಬಿಡುತ್ತದೆ. ಶುದ್ಧ ಬೆಳ್ಳಿ ಕರಗಲು ಸುಮಾರು 961 ಡಿಗ್ರಿ ಸೆಲ್ಸಿಯಸ್ ಬೇಕಾದರೂ, 925 ಬೆಳ್ಳಿ 800ರ ಆಸುಪಾಸಿನಲ್ಲೇ ಕರಗತೊಡಗುವುದರಿಂದ ಕಡ್ಡಿಯ ಬಗ್ಗೆಯೇ ನನಗೆ ಹೆಚ್ಚು ಭಯವಿತ್ತು. ಬಿಳಿಗಾರ ಉಬ್ಬಿ, ಇಳಿದು, ಗಾಜಿನಂತೆ ತಿಳಿಯಾಯಿತು. ಬೆಸುಗೆ ಮಿಂಚಿ ಹರಿದ ಕ್ಷಣವೇ ಕಡ್ಡಿಯನ್ನು ಕುಳಿಗಿಳಿಸಿ, ಜ್ವಾಲೆ ಸರಿಸಿ, ಉಸಿರು ಬಿಗಿಹಿಡಿದು ಕೈ ಅಲುಗದಂತೆ ನಿಂತೆ.

ಬೆಚ್ಚಗಿನ ಸಿಟ್ರಿಕ್ ಆಮ್ಲದಲ್ಲಿ ಶುಚಿಮಾಡಿದ ಬಳಿಕ, ಉಳಿದ ರಂಧ್ರಗಳಲ್ಲಿ ಆಮ್ಲ ನಿಲ್ಲದಿರಲೆಂದು ಅಡುಗೆ ಸೋಡಾದ ನೀರಿನಲ್ಲಿ ಅದ್ದಿ ತೊಳೆದೆ. ಕೊನೆಗೆ ಕಡ್ಡಿಯನ್ನು ಇಕ್ಕಳದಿಂದ ಹಿಡಿದು ಅರ್ಧ ಸುತ್ತು ತಿರುಚಿದೆ: ಕಾದು ಮೆದುವಾದ ತಂತಿ ಇದರಿಂದ ಮತ್ತೆ ಗಡಸಾಗುತ್ತದೆ, ಬೆಸುಗೆ ಸಡಿಲವಿದ್ದರೆ ಅಲ್ಲೇ ಬಯಲಾಗುತ್ತದೆ. ಎರಡೂ ಕಡ್ಡಿಗಳು ಅಲುಗಲಿಲ್ಲ.