ಆಲ್ಟರ್ನೇಟ್ ಟೈಮ್‌ಲೈನ್ ಕಥೆ ಮೂಲಕ್ಕಿಂತ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ

ಒಂದು ಸೈನ್ಸ್ ಫಿಕ್ಷನ್ ಸಿನಿಮಾನೋ ಸೀರೀಸೋ ಹಿಟ್ ಆದ್ಮೇಲೆ ಅದೇ ಪಾತ್ರಗಳನ್ನ ಇಟ್ಕೊಂಡು ಕಾದಂಬರಿ, ಕಾಮಿಕ್ಸ್, ಆಡಿಯೋ ನಾಟಕ ಎಲ್ಲ ಬರುತ್ತಲ್ಲ, ಅದಕ್ಕೇ ಟೈ-ಇನ್ ಅನ್ನೋದು. ಅದ್ರಲ್ಲಿ ನನಗೆ ತುಂಬ ಇಷ್ಟ ಆಗೋದು "ಅವತ್ತು ಹಂಗಾಗದೆ ಹಿಂಗಾಗಿದ್ರೆ?" ಅಂತ ಶುರುವಾಗೋ ಕಥೆಗಳು, ಅಂದ್ರೆ ಆಲ್ಟರ್ನೇಟ್ ಟೈಮ್‌ಲೈನ್ ಕಥೆಗಳು. ಆದ್ರೆ ಓದಿ ಮುಗಿಸಿದ ತಕ್ಷಣ "ಮೂಲಕ್ಕಿಂತ ಇದೇ ಸೂಪರ್" ಅಂತಾನೋ "ಮೂಲಾನ ಕೆಡಿಸಿಬಿಟ್ರು" ಅಂತಾನೋ ತೀರ್ಪು ಕೊಟ್ಬಿಡ್ತೀವಿ, ಎರಡೂ ಅವಸರದ ಮಾತು. ಮೂಲದಲ್ಲಿ ನಮ್ಮ ಕಣ್ಣಿಗೆ ಬೀಳದೇ ಹೋಗಿದ್ದ ಏನನ್ನಾದ್ರೂ ಎತ್ತಿ ತೋರಿಸಿದ್ರೆ ಆ ಕಥೆ ಗೆದ್ದಂಗೆ ಅನ್ನೋದು ನನ್ನ ಲೆಕ್ಕ. ಅದನ್ನ ಕಂಡುಹಿಡಿಯೋಕೆ ನಾನು ಹೆಂಗೆ ಓದ್ತೀನಿ ಅಂತ ಹೇಳ್ತೀನಿ, ನೀವೂ ಟ್ರೈ ಮಾಡಿ.

ಮೊದಲು ದಾರಿ ಎಲ್ಲಿ ಕವಲೊಡೀತು ಅಂತ ಹುಡುಕಿ, ಸಿಕ್ಕಿದ್ಮೇಲೆ ಅದನ್ನ ಒಂದೇ ಸಾಲಲ್ಲಿ ಬರ್ಕೊಳ್ಳಿ. 2001ರಲ್ಲಿ ಡಾರ್ಕ್ ಹಾರ್ಸ್‌ನವರು ಸ್ಟಾರ್ ವಾರ್ಸ್ ಇನ್ಫಿನಿಟೀಸ್ ಅಂತ ಕಾಮಿಕ್ಸ್ ಶುರು ಮಾಡಿದ್ರು, ಅದರ ಮೊದಲ ಕಥೇಲಿ ಆ ಸಾಲು ಇಷ್ಟೇ: ಹೀರೋ ಲೂಕ್ ಹೊಡೆದ ಟಾರ್ಪಿಡೋ ಕೆಲಸ ಮಾಡಲ್ಲ, ಗ್ರಹಗಳನ್ನೇ ಪುಡಿ ಮಾಡೋ ಶತ್ರುನೆಲೆ ಡೆತ್ ಸ್ಟಾರ್ ಉಳ್ಕೊಂಡುಬಿಡುತ್ತೆ. 2009ರ ಸ್ಟಾರ್ ಟ್ರೆಕ್ ಸಿನಿಮಾದ್ದು: ಭವಿಷ್ಯದಿಂದ ಬಂದ ವಿಲನ್ ನೀರೋನ ಹಡಗು ಕೆಲ್ವಿನ್ ಅನ್ನೋ ಅಂತರಿಕ್ಷ ನೌಕೆ ಮೇಲೆ ದಾಳಿ ಮಾಡುತ್ತೆ, ಮುಂದೆ ಕ್ಯಾಪ್ಟನ್ ಆಗೋ ಹೀರೋ ಕರ್ಕ್ ಹುಟ್ಟಿದ ಗಳಿಗೇಲೇ ಅವನ ಅಪ್ಪ ಸಾಯ್ತಾನೆ. ಹಿಂಗೆ ಒಂದು ಸಾಲಿಗೆ ಇಳೀಲಿಲ್ಲ, ಬರೆಯೋಕೆ ಮೂರು ನಾಲ್ಕು "ಅಕಸ್ಮಾತ್" ಬೇಕಾಯ್ತು ಅಂದ್ರೆ ಲೇಖಕರು ತಮಗೆ ಬೇಕಾದ ಕಡೆಗೆ ಕಥೇನ ಎಳ್ಕೊಂಡು ಹೋಗ್ತಿದ್ದಾರೆ ಅಂತಾನೇ ಅರ್ಥ. (1967ರಲ್ಲಿ ಶುರುವಾದ ಸ್ಟಾರ್ ಟ್ರೆಕ್‌ನ ಮಿರರ್ ಯೂನಿವರ್ಸ್ ಬೇರೆ ಜಾತಿ, ಅದು ಪಕ್ಕದಲ್ಲೇ ಇರೋ ಇನ್ನೊಂದು ಲೋಕ. ಅದನ್ನ ಈ ಅಳತೇಲಿ ತೂಗಬೇಡಿ.)

ಆಮೇಲೆ ಸಣ್ಣ ಸಣ್ಣ ವಿಷಯಗಳನ್ನ ಗಮನಿಸಿ. ದೊಡ್ಡದನ್ನ ಬದಲಾಯಿಸೋದು ಸುಲಭ, ಗ್ರಹ ಸ್ಫೋಟ ಮಾಡೋದು, ರಾಜನ್ನ ಸಾಯಿಸೋದು ಯಾರು ಬೇಕಾದ್ರೂ ಮಾಡ್ತಾರೆ. ಆ ಬದಲಾವಣೆ ದಿನದಿನದ ಬದುಕಿಗೆ ಇಳಿದಿದೆಯಾ ಅಂತ ನೋಡಬೇಕು. ಇದಕ್ಕೆ ನಾನು ಇಟ್ಕೊಂಡಿರೋ ಅಳತೆಗೋಲು ಟೈ-ಇನ್ ಅಲ್ಲ, ಸೀರೀಸ್‌ದೇ ಎಪಿಸೋಡು, ಸ್ಟಾರ್ ಟ್ರೆಕ್ ನೆಕ್ಸ್ಟ್ ಜನರೇಷನ್‌ನಲ್ಲಿ 1990ರಲ್ಲಿ ಬಂದ "ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್". ಇಪ್ಪತ್ತೆರಡು ವರ್ಷ ಹಿಂದಿನ ಹಡಗೊಂದು, ಎಂಟರ್‌ಪ್ರೈಸ್-ಸಿ, ಕಾಲದ ಬಿರುಕಿನಿಂದ ಈಚೆ ಬಂದುಬಿಡುತ್ತೆ. ಅದು ತನ್ನ ಕಾಲದಲ್ಲೇ ಇದ್ದು ಕ್ಲಿಂಗಾನ್ ಅನ್ನೋ ಅನ್ಯಗ್ರಹದವರ ನೆಲೆಯೊಂದನ್ನ ಕಾಪಾಡೋಕೆ ಹೋರಾಡಬೇಕಿತ್ತು, ಅದಾಗಲಿಲ್ಲ, ಅದರಿಂದಾಗಿ ಇವತ್ತಿಗೆ ಭೂಮಿ ಸೇರಿದ ಗ್ರಹಗಳ ಒಕ್ಕೂಟ ಫೆಡರೇಷನ್‌ಗೂ ಕ್ಲಿಂಗಾನ್‌ರಿಗೂ ದೊಡ್ಡ ಯುದ್ಧ. ಈಗ ಸಣ್ಣದನ್ನ ನೋಡಿ: ಸೀರೀಸ್‌ನ ಮುಖ್ಯ ಹಡಗಿನ ಬ್ರಿಡ್ಜ್ (ಹಡಗು ನಡೆಸೋ ಕೋಣೆ) ಒಂದೇ ಕ್ಷಣದಲ್ಲಿ ಕತ್ತಲೆಗೆ ತಿರುಗುತ್ತೆ, ಸಿಬ್ಬಂದಿಯಲ್ಲಿದ್ದ ಕ್ಲಿಂಗಾನ್ ವೋರ್ಫ್ ನಿಂತಿದ್ದ ಜಾಗದಲ್ಲಿ ಒಂದನೇ ಸೀಸನ್‌ನಲ್ಲೇ ಸತ್ತಿದ್ದ ಟಾಶಾ ಯಾರ್ ನಿಂತಿರ್ತಾಳೆ, ಹಡಗಲ್ಲಿ ಮಕ್ಕಳಿಲ್ಲ, ಕ್ಯಾಪ್ಟನ್ ಪಿಕಾರ್ಡ್ ಎಂದಿನ ಲಾಗ್ (ಹಡಗಿನ ದಿನಚರಿ) ಬದಲು "ಮಿಲಿಟರಿ ಲಾಗ್" ಅಂತಾನೆ. ಯಾರೂ ಕೂತು ವಿವರಿಸಲ್ಲ, ಆದ್ರೆ ಅಷ್ಟರಲ್ಲೇ ಗೊತ್ತಾಗುತ್ತೆ ನಾವು ದಿನಾ ನೋಡ್ತಿದ್ದ ಆ ಬೆಳಕಿನ ಹಡಗು, ಆ ಮಕ್ಕಳು, ಆ ನೆಮ್ಮದಿ ಯಾವುದೂ ಸುಮ್ನೆ ಬಂದಿರ್ಲಿಲ್ಲ, ಯಾರೋ ಹಿಂದೆ ಜೀವ ಕೊಟ್ಟಿದ್ರಿಂದ ಬಂದಿತ್ತು ಅಂತ. ಈ ಎಪಿಸೋಡ್ ನೋಡಿದ್ಮೇಲೆ ಹಳೇ ಎಪಿಸೋಡ್‌ಗಳ ತೂಕ ಜಾಸ್ತಿ ಆಗುತ್ತೆ. ನಾನು ಮೂಲ ಸುಧಾರಿಸ್ತು ಅನ್ನೋದು ಇದಕ್ಕೆ.

ಮೂರನೇದು, ಬೆಲೆ ಯಾರು ತೆತ್ತರು? ಮಾಮೂಲಿ ಟೈ-ಇನ್ ಲೇಖಕರಿಗೆ ಕೈ ಕಟ್ಟಿಹಾಕಿರುತ್ತೆ, ಮುಖ್ಯ ಪಾತ್ರನ ಸಾಯಿಸಂಗಿಲ್ಲ, ಮದುವೆ ಮಾಡಿಸಂಗಿಲ್ಲ, ಪುಸ್ತಕ ಮುಗಿಯೋ ಹೊತ್ತಿಗೆ ಎಲ್ಲ ಎಲ್ಲಿತ್ತೋ ಅಲ್ಲಿಗೇ ಬರಬೇಕು. ಬೇರೆ ಟೈಮ್‌ಲೈನ್‌ನಲ್ಲಿ ಆ ಕಟ್ಟು ಬಿಚ್ಚಿಹೋಗುತ್ತೆ, ಹಾಗಾಗಿ ಹೆಣ ಬೀಳಿಸೋ ಆಸೆ ಕೂಡ ಜಾಸ್ತಿ. ಸಾವುಗಳನ್ನ ಎಣಿಸ್ತಾ ಹೋದ್ರೆ ಏನೂ ಸಿಗಲ್ಲ, ಆ ಪಾತ್ರ ಅದನ್ನ ತಾನೇ ಆರಿಸ್ಕೊಂಡಿತಾ ಅಂತ ನೋಡಿ. ಟಾಶಾಗೆ ಇನ್ನೊಂದು ಬದುಕಲ್ಲಿ ತಾನು ಅರ್ಥವಿಲ್ಲದ ಸಾವು ಸತ್ತೆ ಅಂತ ಹಡಗಲ್ಲೇ ಇರೋ ಗೈನನ್ ಅನ್ನೋಳ ಮಾತಿಂದ ತಿಳಿಯುತ್ತೆ, ಆಗ ಅವಳು ಆ ಹಳೇ ಹಡಗಿನ ಜೊತೆ ತಾನೂ ಹೋಗ್ತೀನಿ ಅಂತ ಕ್ಯಾಪ್ಟನ್ ಹತ್ರ ಅನುಮತಿ ಕೇಳ್ತಾಳೆ. ಇನ್ಫಿನಿಟೀಸ್‌ನಲ್ಲಿ ಲೂಕ್ ಪಕ್ಷದ ರಾಜಕುಮಾರಿ ಲಿಯಾ ದುಷ್ಟ ಚಕ್ರವರ್ತಿಯ ಕೈಗೆ ಸಿಕ್ಕಿ ಡಾರ್ಕ್ ಸೈಡ್ ಕಡೆ, ಅಂದ್ರೆ ಕೆಟ್ಟ ಶಕ್ತಿಯ ಕಡೆ ವಾಲ್ತಾಳೆ, ಒಳ್ಳೆ ಐಡಿಯಾ ಅದು, ಮೂಲದಲ್ಲಿ ಅವಳ ಸಿಟ್ಟನ್ನ ಯಾರೂ ಸೀರಿಯಸ್ಸಾಗಿ ತಗೊಂಡಿರ್ಲಿಲ್ಲ. ಆದ್ರೆ ನಾಲ್ಕೇ ಸಂಚಿಕೆ, ಅವಳು ಒಳಗೊಳಗೇ ಹೆಂಗೆ ಬದಲಾದ್ಲು ಅಂತ ತೋರಿಸೋಕೆ ಜಾಗಾನೇ ಇಲ್ಲ, ಕೊನೇಲಿ ಓಡೋಡ್ಕೊಂಡು ಮುಗಿಸ್ತಾರೆ. ನನಗೆ ಅದು ಈಗ್ಲೂ ಬೇಜಾರು.

ಇನ್ನೊಂದು ಬಲೆ ಇದೆ, ಅದೇ ಹಳೇ ಕಥೇನ ಹೊಸ ಮುಖಗಳಲ್ಲಿ ಮತ್ತೆ ಹೇಳೋದು. 2009ರ ಸಿನಿಮಾ ಆದ್ಮೇಲೆ 2011ರಲ್ಲಿ ಐಡಿಡಬ್ಲ್ಯೂ ಕಾಮಿಕ್ಸ್‌ನವರು ಹೊಸ ಟೈಮ್‌ಲೈನ್‌ನಲ್ಲಿ ಅರವತ್ತರ ದಶಕದ ಎಪಿಸೋಡ್‌ಗಳನ್ನೇ ತಿರುಗಿ ಮಾಡೋಕೆ ಶುರು ಮಾಡಿದ್ರು. ಇಂಥದ್ದು ಸಿಕ್ಕಾಗ ಹಳೇ ಎಪಿಸೋಡನ್ನೂ ಪಕ್ಕಕ್ಕೆ ಇಟ್ಕೊಂಡು ನೋಡಿ, ಅಪ್ಪನಿಲ್ಲದೆ ಬೆಳೆದ ಈ ಕರ್ಕ್, ತನ್ನ ಗ್ರಹಾನೇ ಕಳ್ಕೊಂಡ ಅವನ ಜೊತೆಗಾರ ಈ ಸ್ಪಾಕ್ ಬೇರೆ ತೀರ್ಮಾನ ತಗೋತಾರಾ? ಅದೇ ತೀರ್ಮಾನ, ಅದೇ ಮಾತು ಅಂದ್ರೆ ಟೈಮ್‌ಲೈನ್ ಬದಲಾಗಿ ಏನ್ ಬಂತು, ಹಳೇ ಕಲ್ಲು ಹೊಸ ಬಿಲ್ಲು.

ಕೊನೇಲಿ ಎಲ್ಲ ಸರಿಹೋಗಿ ವಾಪಸ್ ಮೊದಲಿನ ಹಂಗೇ ಆಗ್ಬಿಡೋ ಕಥೆಗಳ ಬಗ್ಗೆ ಜನ ತುಂಬ ಸಿಡುಕ್ತಾರೆ. ನನಗೆ ಅದು ತಪ್ಪು ಅನ್ಸಲ್ಲ, ಏನಾದ್ರೂ ಉಳೀಬೇಕು ಅಷ್ಟೇ. ಟಾಶಾ ಆ ಹಳೇ ಹಡಗಿನ ಜೊತೆ ಹಿಂದಿನ ಕಾಲಕ್ಕೆ ಹೋದ್ಲು, ಎಲ್ಲ ಮಾಮೂಲಾಯ್ತು, ಆದ್ರೆ ಮುಂದೆ 1991ರಲ್ಲಿ ಅವಳ ಮಗಳು ಸೇಲಾ ಶತ್ರುಪಕ್ಷದ ರೋಮ್ಯುಲನ್ ಅಧಿಕಾರಿಯಾಗಿ ಎದುರು ಬಂದು ನಿಲ್ತಾಳೆ. ಅಳಿಸಿಹೋದ ಕಾಲದ್ದು ಒಂದು ತುಣುಕು ಹಂಗೆ ಉಳ್ಕೊಂತು.

ಸ್ಟಾರ್ ಟ್ರೆಕ್ ಕೋಡಾನ ಮಾತ್ರ ಹೊಸಬರು ಮೊದಲೇ ಎತ್ಕೋಬೇಡಿ, ದಯವಿಟ್ಟು. 2021ರಲ್ಲಿ ಬಂದ ಮೂರು ಕಾದಂಬರಿ ಅದು, ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ, ಡೇವಿಡ್ ಮ್ಯಾಕ್ ಒಬ್ಬೊಬ್ರು ಒಂದೊಂದು ಬರೆದಿದ್ದಾರೆ. ಕಾದಂಬರಿಗಳಲ್ಲಿ ಎಷ್ಟೋ ವರ್ಷದಿಂದ ಕಥೆ ಬೆಳೀತಾ ಬಂದಿತ್ತು, ಪಿಕಾರ್ಡ್‌ಗೆ ಮದುವೆ ಆಗಿ ಮಗಾನೂ ಇದ್ದ. ಆದ್ರೆ 2020ರಲ್ಲಿ ಬಂದ "ಪಿಕಾರ್ಡ್" ಅನ್ನೋ ಹೊಸ ಸೀರೀಸ್ ಬೇರೆ ದಾರಿ ಹಿಡೀತು. ಲೇಖಕರು ಕಾದಂಬರಿಗಳ ಆ ಕಥೇನ ಸುಮ್ನೆ ಮರೆತುಬಿಡಲಿಲ್ಲ, ಇಷ್ಟು ವರ್ಷ ನಾವು ಓದಿದ್ದೆಲ್ಲ ಮುಖ್ಯ ಕಾಲದಿಂದ ಸಿಡಿದ ಒಂದು ಕವಲು ಅಂತ ಮಾಡಿ, ಉಳಿದ ಕಾಲಗಳು ಬದುಕ್ಲಿ ಅಂತ ಆ ಜನ ತಮ್ಮ ಕಾಲಾನೇ ಬಿಟ್ಟುಕೊಡೋ ಹಂಗೆ ಬರೆದ್ರು. ಹಿಂದಿನದು ಓದದೆ ಇದಕ್ಕೆ ಕೈ ಹಾಕಿದ್ರೆ ಒಬ್ಬರಾದ ಮೇಲೆ ಒಬ್ಬರು ಸಾಯೋದಷ್ಟೇ ಕಾಣುತ್ತೆ, ಓದಿದ್ರೆ ವರ್ಷಗಟ್ಟಲೆ ಜೊತೆಗಿದ್ದವರನ್ನ ಕಳಿಸಿಕೊಟ್ಟಂಗಿರುತ್ತೆ.

ಇಷ್ಟೂ ಆದ್ಮೇಲೆ ಒಂದು ಕೆಲಸ ಬಾಕಿ, ತಿರುಗಿ ಮೂಲಕ್ಕೆ ಹೋಗಿ ಕವಲೊಡೆದ ಆ ದೃಶ್ಯ ಒಂದನ್ನೇ ಮತ್ತೆ ನೋಡಿ. ಇನ್ಫಿನಿಟೀಸ್ ಅರ್ಧಂಬರ್ಧ ಕಥೆ ಅಂತ ನಾನೇ ಮೇಲೆ ಹೇಳಿದೀನಿ, ಆದ್ರೂ ಅದನ್ನ ಓದಿ ಆ ಟಾರ್ಪಿಡೋ ಸೀನ್‌ಗೆ ವಾಪಸ್ ಹೋದಾಗ ನನ್ನ ಕಣ್ಣು ಲೂಕ್ ಮೇಲೆ ಇರ್ಲಿಲ್ಲ, ಕೆಳಗೆ ಕಂಟ್ರೋಲ್ ರೂಮಲ್ಲಿ ಸುಮ್ನೆ ನಿಂತು ಕಾಯ್ತಾ ಇದ್ದ ಲಿಯಾ ಮುಖದ ಮೇಲಿತ್ತು.