ಗುಜರಿಯಲ್ಲಿ ಸಿಕ್ಕ ಅಡಿಗಲ್ಲು

ಅಡಿಗಲ್ಲು ಅಂದ ಕೂಡಲೇ ನಿಮಗೆ ಮಂತ್ರಿಗಳು ನೆನಪಾಗಬಹುದು. ನಾನು ಹೇಳುತ್ತಿರುವುದು ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು.

ಶಿರಸಿಯಲ್ಲಿ ನಮ್ಮ ಮನೆ ಹಿಂದೆ ಒಂದು ಸಣ್ಣ ಕುಲುಮೆ ಹಾಕಿಕೊಂಡಿದ್ದೇನೆ. ಸೊಪ್ಪು ಕಡಿಯುವ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಇಷ್ಟೇ ಕೆಲಸ. ಮೊದಲು ತಂದಿದ್ದು ಬಣ್ಣ ಬಳಿದ ಹೊಸ ಅಡಿಗಲ್ಲು. ಬೀಡು ಕಬ್ಬಿಣದ್ದು ಅಂತ ಆಮೇಲೆ ಗೊತ್ತಾಯಿತು. ಪೆಟ್ಟು ಹಾಕಿದರೆ ಹಸಿ ಮಣ್ಣಿಗೆ ಹೊಡೆದ ಹಾಗೆ. ಒಂದು ಕತ್ತಿ ಮುಗಿಯುವಷ್ಟರಲ್ಲಿ ರಟ್ಟೆ ಸೋತು ಹೋಗುತ್ತಿತ್ತು. ನನಗೆ ಕೆಲಸ ಹೇಳಿಕೊಟ್ಟ ಆಚಾರ್ರು ಒಮ್ಮೆ ಬಂದು ನೋಡಿದರು. "ತಮ್ಮಾ, ನಿನ್ನ ಪೆಟ್ಟೆಲ್ಲ ಇದೇ ತಿಂತದೆ. ಹಳೇದು ಹುಡುಕು" ಅಂದರು.

ಸಿಕ್ಕಿದ್ದು ಕಾರವಾರದ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬೋಟಿನ ಸರಪಳಿಗಳ ಅಡಿಯಲ್ಲಿ. ಕಿಸೆಯಲ್ಲಿ ಬೇರಿಂಗಿನ ಗುಂಡು ಇತ್ತು. ಮೇಲ್ಮೈ ಒರೆಸಿ, ಹತ್ತು ಇಂಚು ಎತ್ತರದಿಂದ ಬಿಟ್ಟೆ. ಎಂಟು ಇಂಚು ಪುಟಿಯಿತು! ಮನೆಯಲ್ಲಿದ್ದ ಹೊಸದರ ಮೇಲೆ ನಾಲ್ಕೂ ಏಳುತ್ತಿರಲಿಲ್ಲ. ಗುಂಡು ಎಷ್ಟು ಪುಟಿಯುತ್ತದೋ, ಸುತ್ತಿಗೆಯೂ ಹಾಗೇ ತಾನಾಗಿ ಮೇಲೇಳುತ್ತದೆ. ಆಮೇಲೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಎಲ್ಲ ಕಡೆ ಗಂಟೆಯ ಹಾಗೆ ನಾದ. ಎಲ್ಲಾದರೂ ದಬ್ ಅಂದಿದ್ದರೆ ಮೇಲಿನ ಉಕ್ಕಿನ ಹಲಗೆ ಬಿಟ್ಟುಕೊಂಡಿದೆ ಅಂತ ಅನುಮಾನ ಪಡಬೇಕು.

ಪಕ್ಕದಲ್ಲಿ ತುಕ್ಕು ಕೆರೆದಾಗ ಇಂಗ್ಲೆಂಡಿನ ಡಡ್ಲಿಯಲ್ಲಿ ಅಡಿಗಲ್ಲು ಮಾಡುತ್ತಿದ್ದ ಪೀಟರ್ ರೈಟ್ ಹೆಸರು ಅರ್ಧಂಬರ್ಧ ಕಂಡಿತು. ಕೆಳಗೆ 1, 2, 10 ಅಂತ ಮೂರು ಅಂಕಿ. ಅಂಗಡಿಯವರು ಇಸವಿ ಇರಬೇಕು ಅಂದರು. ಅಲ್ಲ, ಅದು ತೂಕ. ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು ಅದರ ಕಾಲು ಭಾಗ ಅಂದರೆ 28 ಪೌಂಡಿನದು, ಕೊನೆಯದು ಬಿಡಿ ಪೌಂಡು. ಕೂಡಿದರೆ 178 ಪೌಂಡು, ಸುಮಾರು 81 ಕೇಜಿ. ತಕ್ಕಡಿಗೆ ಏರಿಸಿದಾಗ 80 ತೋರಿಸಿತು. ಸವೆದಿದ್ದು ಅಷ್ಟೇ! ಅವರು ಗುಜರಿ ದರ ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ. ಸುಮ್ನೆ ಹೆಚ್ಚು ಮಾತಾಡಿದರೆ ದರ ಏರುತ್ತದೆ, ಅಲ್ವಾ?

ದೇವಿಮನೆ ಘಟ್ಟ ಹತ್ತಿಸಿ ತಂದ ದಿನವೇ ಗ್ರೈಂಡರ್ ಹಿಡಿದು ಕೂತೆ. ಮೇಲೆ ಉಳಿ ಗುರುತು, ಅಂಚಿನಲ್ಲಿ ಒಂದೆರಡು ಕಡೆ ಚಕ್ಕೆ ಎದ್ದಿತ್ತು. ನುಣ್ಣಗೆ ಮಾಡುವ ಆಸೆ. ಆಚಾರ್ರು ಫೋನಿನಲ್ಲೇ ಬೈದರು. ಮೈಯೆಲ್ಲ ಮೆದು ಕಬ್ಬಿಣ, ಮೇಲೆ ಬೆಸೆದ ಗಟ್ಟಿ ಉಕ್ಕು ತೆಳ್ಳನೆಯ ಹಲಗೆಯಷ್ಟೇ. ಅದನ್ನು ಉಜ್ಜಿ ತೆಗೆದರೆ ಉಳಿಯುವುದೇನು? ವೆಲ್ಡಿಂಗ್ ಮಾಡಿಸೋಣ ಅಂದರೆ ಅದರ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಗ್ರೈಂಡರ್ ಒಳಗಿಟ್ಟೆ. ತಂತಿ ಬ್ರಷ್‌ನಿಂದ ತುಕ್ಕು ತೆಗೆದು ಎಣ್ಣೆ ಹಚ್ಚಿದೆ, ಅಷ್ಟೇ. ಚಕ್ಕೆ ಎದ್ದ ಒಂದು ಅಂಚು ಸವೆದು ದುಂಡಗಾಗಿದೆ. ಕತ್ತಿಯ ಕೊಕ್ಕೆ ಬಗ್ಗಿಸಲು ಈಗ ಅದೇ ಜಾಗ ಬೇಕು ನನಗೆ.

ಹಲಸಿನ ಬುಡದ ಮೇಲೆ ಕೂರಿಸಿದ್ದೇನೆ. ನೆಟ್ಟಗೆ ನಿಂತು ಮುಷ್ಟಿ ಕಟ್ಟಿ ಕೈ ಇಳಿಬಿಟ್ಟರೆ ಗೆಣ್ಣು ತಾಗುವ ಎತ್ತರಕ್ಕೆ. ನಾದ ಮಾತ್ರ ಜಾಸ್ತಿಯೇ. ಪಕ್ಕದ ಮನೆಯ ಅಕ್ಕ ಎರಡು ಸಲ ಬೇಲಿ ಹತ್ತಿರ ಬಂದು ಹೋದ ಮೇಲೆ ಅಡಿಗಲ್ಲಿನ ಸೊಂಟಕ್ಕೆ ಒಂದು ಸರಪಳಿ ಸುತ್ತಿದೆ. ಈಗ ಮಧ್ಯಾಹ್ನ ಮಲಗಲು ಅವರಿಗೆ ತೊಂದರೆ ಇಲ್ಲವಂತೆ.