ಫೀಡರ್ ಇಲ್ಲದ ಹಿತ್ತಿಲಿಗೆ ಹಮ್ಮಿಂಗ್‌ಬರ್ಡ್: ರಾಲಿಯ ಕೆಂಪು ಮಣ್ಣಿನಲ್ಲಿ ನನ್ನ ಅನುಭವ

ಸಕ್ಕರೆ ನೀರಿನ ಫೀಡರ್ ತೂಗುಹಾಕದೆ ಹಮ್ಮಿಂಗ್‌ಬರ್ಡ್ ಬರುವುದೇ ಇಲ್ಲ, ಅದರಲ್ಲೂ ಬರೀ ಇಲ್ಲಿನ ನಾಡಗಿಡಗಳಿಂದ ಆಗದ ಮಾತು ಎಂದು ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಯ ನಮ್ಮ ಸ್ನೇಹಿತರಲ್ಲಿ ಬಹಳ ಜನ ಹೇಳುತ್ತಿದ್ದರು. ಈಗ ನಮ್ಮ ಹಿತ್ತಿಲಿಗೆ ಅವು ಏಪ್ರಿಲ್ ಮೊದಲಿಂದ ಸೆಪ್ಟೆಂಬರ್ ಕೊನೆವರೆಗೂ ಬರುತ್ತವೆ. ಫೀಡರ್ ಒಂದೂ ಇಲ್ಲ. ಗುಟ್ಟು ಹೂವಿನ ಸರದಿಯಲ್ಲಿದೆ: ಒಂದು ಗಿಡ ಮುಗಿಸುವ ಮೊದಲೇ ಮುಂದಿನದು ಮೊಗ್ಗು ಬಿಟ್ಟಿರಬೇಕು.

ಪೂರ್ವ ಅಮೆರಿಕದಲ್ಲಿ ಗೂಡು ಕಟ್ಟುವುದು ರೂಬಿ-ಥ್ರೋಟೆಡ್ ಒಂದೇ ಜಾತಿ, ತೂಕ ಮೂರು ಗ್ರಾಂ ಆಸುಪಾಸು. ಮೊದಲು ಬರುವುದು ಗಂಡು. ಆ ಹೊತ್ತಿಗೆ ಹೂವಿಲ್ಲದ ಹಿತ್ತಿಲನ್ನು ದಾಟಿ ಮುಂದೆ ಹೋಗುತ್ತದೆ. ಹಾಗಾಗಿ ಮೊದಲ ದುಡ್ಡು ಏಪ್ರಿಲ್ ಹೂಗಳಿಗೆ ಹಾಕಿ: ಕೆಂಪು-ಹಳದಿಯ ಕಾಡು ಕಾಲಂಬೈನ್, ರೆಡ್ ಬಕೈ, ಕ್ರಾಸ್‌ವೈನ್, ಕೋರಲ್ ಹನಿಸಕಲ್.

ಹನಿಸಕಲ್ ಕೊಳ್ಳುವಾಗ ಚೀಟಿ ನಂಬಬೇಡಿ, ಎಲೆ ನೋಡಿ. ಹೂಗೊಂಚಲಿನ ಕೆಳಗಿನ ಜೋಡಿ ಎಲೆಗಳು ಒಂದಕ್ಕೊಂದು ಅಂಟಿ, ಕಾಂಡ ಅವುಗಳ ನಡುವೆ ತೂರಿ ಬಂದಂತಿದ್ದರೆ ಅದು ಕೋರಲ್. ಹೂವಿಗೆ ವಾಸನೆಯಿಲ್ಲ, ಹಣ್ಣು ಕೆಂಪು. ಎಲೆಗಳು ಬಿಡಿಬಿಡಿಯಾಗಿದ್ದು, ಬಿಳಿ-ಹಳದಿಯ ಘಮಘಮ ಹೂವು, ಕಪ್ಪು ಹಣ್ಣು ಇದ್ದರೆ ಜಪಾನಿನದು. ಅದು ಕಾಡಿಗೆ ನುಗ್ಗಿ ಎಳೆಮರಗಳನ್ನು ಸುತ್ತಿ ಕೊಲ್ಲುತ್ತದೆ. ಬಂಡೀಪುರದ ಲಂಟಾನ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅದೂ ಅಮೆರಿಕದ ಉಷ್ಣವಲಯದಿಂದ ಅಲಂಕಾರದ ಗಿಡವಾಗಿಯೇ ಬಂದದ್ದು. ಮಿಮೋಸ ಮರ, ಬಟರ್‌ಫ್ಲೈ ಬುಷ್ ಎರಡಕ್ಕೂ ಹಕ್ಕಿ ಬರುವುದು ನಿಜ, ಆದರೆ ಅವೂ ಹೊರಗಿನಿಂದ ಬಂದು ಹರಡುವವು, ಬೇಡ. ಟ್ರಂಪೆಟ್ ಕ್ರೀಪರ್ ಇಲ್ಲಿನದೇ ಬಳ್ಳಿ, ಆದರೆ ಬೇರಿನಿಂದ ಹತ್ತಾರು ಅಡಿ ದೂರದಲ್ಲೂ ಚಿಗುರುತ್ತದೆ. ಸಣ್ಣ ಜಾಗಕ್ಕೆ ಹೇಳಿದ್ದಲ್ಲ.

ನರ್ಸರಿಯಲ್ಲಿ ಒಂದು ಗ್ಯಾಲನ್ ಕುಂಡಕ್ಕೆ ಹದಿನೆಂಟೋ ಇಪ್ಪತ್ತೋ ಡಾಲರ್. ಕೋರಲ್ ಹನಿಸಕಲ್ ಬಳ್ಳಿಗೆ ಅಷ್ಟು ಕೊಡಿ; ಅದರ 'ಮೇಜರ್ ವೀಲರ್' ತಳಿಗೆ ಬೂದಿರೋಗ ಕಡಿಮೆ, ಹೂವು ಹೆಚ್ಚು ಕಾಲ. ಕಾಲಂಬೈನ್, ಕೆಂಪು ಹೂವಿನ ಕಾರ್ಡಿನಲ್ ಫ್ಲವರ್‌ಗಳನ್ನು ಮಾತ್ರ ಬೀಜದಿಂದಲೇ ಮಾಡಿ, ಪೊಟ್ಟಣಕ್ಕೆ ನಾಲ್ಕು ಡಾಲರ್ ಒಳಗೆ. ಗ್ಯಾಲನ್ ಹಾಲಿನ ಕ್ಯಾನನ್ನು ಹಿಡಿಯ ಹತ್ತಿರ ಸ್ವಲ್ಪ ಬಿಟ್ಟು ಸುತ್ತ ಕತ್ತರಿಸಿ, ತಳಕ್ಕೆ ಐದಾರು ತೂತು ಹೊಡೆದು, ಮೂರು ಇಂಚು ಪಾಟಿಂಗ್ ಮಿಕ್ಸ್ ತುಂಬಿ. ಕಾರ್ಡಿನಲ್ ಬೀಜ ಧೂಳಿನಷ್ಟು ಸಣ್ಣದು. ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿ, ಮಣ್ಣು ಮುಚ್ಚಬೇಡಿ. ಬೆಳಕಿಲ್ಲದೆ ಅದು ಮೊಳೆಯುವುದಿಲ್ಲ, ಹೆಚ್ಚಿನವರ ಬಿತ್ತನೆ ಕೆಡುವುದೇ ಇಲ್ಲಿ. ಟೇಪ್ ಸುತ್ತಿ, ಬಿರಡೆ ತೆಗೆದು, ಜನವರಿಯಲ್ಲಿ ಹೊರಗಿಟ್ಟುಬಿಡಿ. ಚಳಿ ತಗುಲಲೇಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಮೊಳಕೆ ಬಂದ ಮೇಲೆ ಬಿಸಿಲಿನ ದಿನ ಕ್ಯಾನಿನ ಮೇಲ್ಭಾಗ ತೆರೆಯದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಗುತ್ತವೆ. ಒಂದು ಕ್ಯಾನ್‌ಗೆ ಮೂವತ್ತು ನಲವತ್ತು ಸಸಿ ಸಿಗುತ್ತವೆ. ಹೂವು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ.

ನಮ್ಮ ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ಬರೀ ಪಾಟಿಂಗ್ ಮಿಕ್ಸ್ ತುಂಬಿದರೆ ಅದು ನೀರು ನಿಲ್ಲುವ ಬೋಗುಣಿಯಾಗಿ ಬೇರು ಕೊಳೆಯುತ್ತದೆ. ಎರಡು ಇಂಚು ಕಾಂಪೋಸ್ಟ್ ಹರಡಿ, ಪಾತಿಯ ಮಣ್ಣಿನ ಜೊತೆಗೇ ಆರೆಂಟು ಇಂಚು ಆಳಕ್ಕೆ ಬೆರೆಸಿ.

ಜೂನ್‌ಗೆ ಬೀ ಬಾಮ್, 'ಜೇಕಬ್ ಕ್ಲೈನ್' ತಳಿ, ಎರಡಡಿ ಅಂತರ. ಒತ್ತೊತ್ತಾಗಿ ನೆಟ್ಟರೆ ಬೂದಿರೋಗ ಖಂಡಿತ. ಜುಲೈ ಕೊನೆಯಿಂದ ಕಾರ್ಡಿನಲ್. ಅದರ ಬುಡ ತೇವವಾಗಿರಬೇಕು, ಒಂದು ವಾರ ಒಣಗಿದರೂ ಸೊರಗುತ್ತದೆ. ನನ್ನವು ಏಸಿಯ ನೀರು ತೊಟ್ಟಿಕ್ಕುವ ಪೈಪಿನ ಬಾಯಲ್ಲಿವೆ. ಸೆಕೆ ಹೆಚ್ಚಿದಷ್ಟೂ ನೀರು ಹೆಚ್ಚು, ನೀರಿನ ಬಿಲ್ಲಿಲ್ಲ. ಇದಕ್ಕಿಂತ ಚೆನ್ನಾಗಿ ಬೆಳೆದ ಕಾರ್ಡಿನಲ್ ಈ ಸುತ್ತಿನಲ್ಲಿ ನಾನು ನೋಡಿಲ್ಲ.

ಸೆಪ್ಟೆಂಬರ್ ವಲಸೆಗೆ ಸಾಲ್ವಿಯಾ ಕಾಕ್ಸಿನಿಯಾ ಸಾಕು. ಹಿಮಕ್ಕೆ ಸತ್ತರೂ ಉದುರಿದ ಬೀಜದಿಂದ ಮತ್ತೆ ಏಳುತ್ತದೆ. ಜೊತೆಗೆ ಟರ್ಕ್ಸ್ ಕ್ಯಾಪ್ ಹಾಕಿ ನೋಡಿದೆ. ಊರಿನ ಬೇಲಿಗಳಲ್ಲಿ ಅರಳದೆ ಮೊಗ್ಗಿನಂತೆಯೇ ಉಳಿಯುವ ದಾಸವಾಳ ಇದೆಯಲ್ಲ, ಅದರದೇ ಕುಲ. ಅಲ್ಲಿ ಸೂರಕ್ಕಿ ಮಾಡುವ ಕೆಲಸವನ್ನು ಇಲ್ಲಿ ಹಮ್ಮಿಂಗ್‌ಬರ್ಡ್‌ಗಳು ಮಾಡುತ್ತವೆ. ಚಳಿಗಾಲದಲ್ಲಿ ಟರ್ಕ್ಸ್ ಕ್ಯಾಪ್ ಬುಡಕ್ಕೆ ನಾಲ್ಕು ಇಂಚು ಒಣಎಲೆ ಹೊದಿಸಿದರೆ ಮತ್ತೆ ಚಿಗುರುತ್ತದೆ. ಕುಂಡದ ಸುತ್ತುದಾಸವಾಳಕ್ಕೆ ಮಾತ್ರ ಹಕ್ಕಿ ಮುಖ ಹಾಕಲಿಲ್ಲ. ಅಷ್ಟು ದಳಗಳ ನಡುವೆ ಮಕರಂದಕ್ಕೆ ದಾರಿಯೇ ಇಲ್ಲ.

ಸೊಳ್ಳೆಗೆ ಔಷಧಿ ಹೊಡೆಸುವುದನ್ನು ನಿಲ್ಲಿಸಿ. ಮರಿಗಳು ಬೆಳೆಯುವುದು ಸಣ್ಣ ಹುಳುಗಳಿಂದ, ಗೂಡು ನಿಲ್ಲುವುದು ಜೇಡನ ಬಲೆಯಿಂದ. ಹನಿಸಕಲ್ ಚಿಗುರಿಗೆ ಹೇನು ಹತ್ತಿದರೆ ಪೈಪಿನ ನೀರು ಜೋರಾಗಿ ಬಿಟ್ಟರೆ ಸಾಕು. ಗಿಡ ಕೊಳ್ಳುವಾಗ ನಿಯೋನಿಕ್ (ಗಿಡದೊಳಗೇ ಸೇರಿ ಮಕರಂದಕ್ಕೂ ಬರುವ ಕೀಟನಾಶಕ) ಔಷಧಿ ಹಾಕಿದ್ದೀರಾ ಎಂದು ಕೇಳಿ, ಉತ್ತರ ಸರಿಯಿಲ್ಲದಿದ್ದರೆ ವಾಪಸ್ ಬನ್ನಿ.

ನವೆಂಬರ್‌ನಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. ಕಾರ್ಡಿನಲ್‌ನ ಹಸಿರು ಎಲೆಸುತ್ತು ಚಳಿಗಾಲವಿಡೀ ನೆಲಕ್ಕಂಟಿ ಬದುಕಿರುತ್ತದೆ. ಅದರ ಮೇಲೆ ಓಕ್ ಎಲೆ ಬಿದ್ದು ಕೂತರೆ ಫೆಬ್ರವರಿ ಹೊತ್ತಿಗೆ ನಡುವೆಯೇ ಕೊಳೆತಿರುತ್ತದೆ. ವಾರಕ್ಕೊಮ್ಮೆ ಕೈಯಿಂದಲೇ ತೆಗೆಯಿರಿ, ರೇಕ್ ಹಾಕಿದರೆ ಸಸಿ ಕಿತ್ತು ಬರುತ್ತದೆ.